ಮೊದಲ ಪಚ್ಚಿಲೆ

ಹೊಳೆಗಳಿಗೆಲ್ಲ ಮಾತು ಬರುತ್ತಿದ್ದ ಕಾಲವೊಂದಿತ್ತಂತೆ. ಆಗ ಘಟ್ಟ ಇಳಿದು ಬಂದ ಒಬ್ಬ ಹೊಳೆಯಮ್ಮ ಕಡಲಿನ ಬಾಗಿಲಲ್ಲಿ ನಿಂತು, ತಾನು ಶುದ್ಧಳೇ ಎಂದು ಆಣೆ ಹಾಕಿದಳಂತೆ. ಕಡಲು ನಂಬಲಿಲ್ಲ. ಬಂಡೆಗೆ ಅಂಟಿ ಕೂತಿದ್ದ ಪಚ್ಚಿಲೆಯೆಂಬ ಚಿಪ್ಪುಜೀವಿಯನ್ನು ಕರೆದು, ಇವಳು ತಂದದ್ದನ್ನೆಲ್ಲ ಕುಡಿದು ನೋಡು ಎಂದಿತಂತೆ. ಅಂದಿನಿಂದ ಪಚ್ಚಿಲೆ ಚಿಪ್ಪು ತೆರೆಯುತ್ತದೆ, ಕುಡಿಯುತ್ತದೆ, ಕುಡಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತದೆ.

ಬೆಳ್ತಂಗಡಿಯ ಅಜ್ಜಿ ಹೇಳಿದ ಈ ಕಥೆಯನ್ನು ವಿಸ್ಮಿತಾ ಪೂರ್ತಿ ನಂಬಿದ್ದಳು. ಈಗ ಮೂಡುಬಿದಿರೆಯ ಪ್ರಯೋಗಾಲಯದಲ್ಲಿ ಅವಳ ಕೆಲಸವೂ ಅದೇ. ಪಚ್ಚಿಲೆಯ ಮಾಂಸದಲ್ಲಿ ಸೀಸ, ಪಾದರಸ, ತಾಮ್ರ ಎಷ್ಟು ಸೇರಿದೆಯೆಂದು ಅಳೆದು, ಹೊಳೆ ಕಡಲು ಸೇರುವ ಅಳಿವೆಯ ನೀರು ಹೇಗಿದೆಯೆಂದು ಹೇಳುವುದು.

ಒಂದು ದಿನ ಅಳಿವೆಯಲ್ಲಿ ದೋಣಿಯಿಂದ ಬಾಗಿ, ನೀರಿನಲ್ಲಿ ನಿಲ್ಲಿಸಿದ್ದ ಬಿದಿರ ಚಪ್ಪರದಿಂದ ಒಂದು ಹಗ್ಗ ಎಳೆಯುತ್ತಿದ್ದಳು. ಹಗ್ಗದ ತುಂಬ ಗೊಂಚಲು ಗೊಂಚಲು ಪಚ್ಚಿಲೆ.

"ಆ ಹಗ್ಗಕ್ಕೆ ಯಜಮಾನ ಇದ್ದಾನೆ, ಮೇಡಂ."

ಬೆಚ್ಚಿ ತಿರುಗಿದಳು. ಎದೆಮಟ್ಟದ ನೀರಿನಲ್ಲಿ ನಿಂತಿದ್ದವನ ಕಣ್ಣುಗಳಲ್ಲಿ ಕೋಪವಿತ್ತು. ಕೋಪದ ಹಿಂದೆ ಇನ್ನೇನೋ... ಅವಳ ಕೈಯ ಹಗ್ಗ ಜಾರಿತು.

ನರಿಕೊಂಬಿನ ಮನ್ವಿತ್. ಗಲ್ಫಿನ ಕೆಲಸ ಬಿಟ್ಟು ಬಂದು ಪಚ್ಚಿಲೆ ಬೆಳೆಯಲು ಹೊರಟವನು. ಅವಳು ಬಂದ ಕಾರಣ ತಿಳಿದಾಗ ಮೆತ್ತಗಾದ. ಪರೀಕ್ಷೆಯ ವರದಿ ಚೆನ್ನಾಗಿದ್ದರೆ ಮಂಗಳೂರಿನ ಹೋಟೆಲೊಂದು ಬೆಳೆ ಪೂರ್ತಿ ಕೊಳ್ಳುತ್ತದಂತೆ. ಆದರೆ ಮಳೆಗೆ ಮೊದಲೇ ಹಗ್ಗ ಎತ್ತಬೇಕು. ಸಿಹಿನೀರು ನುಗ್ಗಿದರೆ ಎಲ್ಲ ಸಾಯುತ್ತವೆ.

"ನೀವು ಪಚ್ಚಿಲೆ ತಿಂದದ್ದುಂಟಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ತಿನ್ನದೆ ಅದರ ಜಾತಕ ಬರೆಯುವುದಾ ಮಾರಾಯ್ರೆ?"

"ವರದಿ ಒಳ್ಳೆದು ಬರ್ಲಿ. ನಿಮ್ಮ ಹಗ್ಗದ ಮೊದಲ ಪಚ್ಚಿಲೆ ನಾನೇ ತಿನ್ತೇನೆ."

ಆಮೇಲೆ ಅಳಿವೆಗೆ ಹೋಗುವ ದಿನಗಳನ್ನು ಅವಳು ಕಾಯತೊಡಗಿದಳು. ಅವನೂ ಕಾಯುತ್ತಿರಬಹುದೇ? ಕೇಳುವ ಧೈರ್ಯವಿರಲಿಲ್ಲ.

ಪರೀಕ್ಷೆಗೆ ಮುನ್ನ ಪಚ್ಚಿಲೆ ಹೊಟ್ಟೆಯ ಕೆಸರು ಕಕ್ಕಲೆಂದು ಒಂದು ರಾತ್ರಿ ಚೊಕ್ಕ ಕಡಲ ನೀರಿನಲ್ಲಿ ಇಡಬೇಕು. ಅಂದು ಪ್ರಯೋಗಾಲಯದಲ್ಲಿ ಕರೆಂಟಿಲ್ಲದೆ ತೊಟ್ಟಿಯ ಪಂಪು ನಿಂತಿತ್ತು. ಮನ್ವಿತ್ ತಾನೇ ಪಚ್ಚಿಲೆಯನ್ನೂ ಕಡಲ ನೀರನ್ನೂ ಬಕೆಟಿನಲ್ಲಿ ಮನೆಗೆ ಒಯ್ದು, ಬೆಳಿಗ್ಗೆ ಮೂಡುಬಿದಿರೆಗೆ ತಂದುಕೊಟ್ಟ.

ಫಲಿತಾಂಶ ಬಂದಾಗ ವಿಸ್ಮಿತಾ ಅದನ್ನು ಎರಡೆರಡು ಸಲ ಓದಿದಳು. ಸೀಸ, ಪಾದರಸ ಇಲ್ಲವೆನ್ನುವಷ್ಟು ಕಡಿಮೆ. ತಾಮ್ರ ಮಾತ್ರ ಮಿತಿಮೀರಿ ಏರಿತ್ತು.

ತಾಮ್ರ ಅಂದರೆ... ಮೈಲುತುತ್ತು!

ಕೊಳೆರೋಗ ಬಾರದಿರಲೆಂದು ಬೆಳ್ತಂಗಡಿಯ ಹೊಳೆಬದಿಯ ತೋಟದಲ್ಲಿ ಅಪ್ಪ ವೆಂಕಪ್ಪ ಪ್ರತಿ ಮಳೆಗಾಲ ಅಡಿಕೆಗೆ ಹೊಡೆಸುವ ಆ ನೀಲಿ ಮದ್ದು. ತೊಳೆದು ಹೊಳೆಗಿಳಿದು, ಕೆಸರಿನಲ್ಲಿ ಕೂತು... 'ನಮ್ಮ ಮನೆಯ ವಿಷವೇ ಅವನ ಹಗ್ಗಕ್ಕೆ ಸುತ್ತಿಕೊಂಡಿತಾ?'

ವರದಿ ಚೆನ್ನಾಗಿಲ್ಲವೆಂದಷ್ಟೇ ಮನ್ವಿತ್‌ಗೆ ಬರೆದಳು, ಅವನ ಕರೆ ಬಂದರೆ ಎತ್ತಲಿಲ್ಲ. ಊಟ ಸೇರಲಿಲ್ಲ. ಕಿಟಕಿಗೆ ಹೋಗಿ ಮೋಡ ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು. ಕೊನೆಗೊಂದು ಸಂದೇಶ ಬಂತು. ಬೆಳೆ ಹೋದರೆ ಹೋಗಲಿ, ತಾನು ಗಲ್ಫಿಗೇ ವಾಪಸಾಗುತ್ತೇನೆಂದು ಬರೆದಿದ್ದ.

ಅವಳು ಬಂಟ್ವಾಳದ ಬಸ್ಸು ಹತ್ತಿ ನರಿಕೊಂಬಿನ ಅವನ ಮನೆಗೆ ಬಂದಳು.

ಮನ್ವಿತ್ ಜಗಲಿಯಿಂದ ಏಳಲೂ ಇಲ್ಲ. "ಮಾಲು ಹಾಳು ಅಂತ ಆದ ಕೂಡ್ಲೇ ಮನುಷ್ಯನೂ ಬೇಡ ಆದ್ನಾ?"

"ಹಾಳು ಮಾಡಿದ್ದು ನಮ್ಮವರು," ಎಂದಳು ಅವಳು. ತಾಮ್ರದ ಲೆಕ್ಕ, ಅಪ್ಪನ ಮೈಲುತುತ್ತು, ಎಲ್ಲವನ್ನೂ ಹೇಳಿದಳು. "ನಿಮ್ಮ ಮುಖ ನೋಡ್ಲಿಕ್ಕೆ ಧೈರ್ಯ ಬರ್ಲಿಲ್ಲ..."

ಒಳಗಿಂದ ಅವನ ತಾಯಿ ಲೋಲಾಕ್ಷಿ ಚಹಾ ತಂದರು.

"ತಾಮ್ರದ ಸುದ್ದಿ ಎತ್ಬೇಡ ಮಗಾ. ಪಚ್ಚಿಲೆ ತಂದ ರಾತ್ರಿ ಇವ ನನ್ನ ಬಚ್ಚಲಿನ ಹಂಡೆ ಹುಳಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಆ ಹುಡುಗಿಯ ಪಚ್ಚಿಲೆಯನ್ನು ಪೈಂಟಿನ ಬಕೆಟಿನಲ್ಲಿ ಇಡ್ಲಿಕ್ಕೆ ಆಗ್ತದಾ ಅಂತ ನನಗೇ ಜೋರು."

ವಿಸ್ಮಿತಾ ಮೆಲ್ಲನೆ ಮನ್ವಿತ್‌ನತ್ತ ತಿರುಗಿದಳು. "ರಾತ್ರಿ ಇಡೀ... ತಾಮ್ರದ ಹಂಡೆಯಲ್ಲಿ?"

ಅವನ ಕಿವಿಗಳು ಕೆಂಪಾದವು. "ತಾಮ್ರದಲ್ಲಿ ಇಟ್ಟ ನೀರು ಶುದ್ಧ ಅಂತ ಹೇಳ್ತಾರಲ್ಲ. ಬೆಳಿಗ್ಗೆ ವಾಪಸ್ ಬಕೆಟಿಗೇ ಹಾಕಿದ್ದೆ."

"ಉಪ್ಪುನೀರಿಗೆ ತಾಮ್ರ ಬಿಡ್ತದೆ ಮಾರಾಯ್ರೆ. ಪಚ್ಚಿಲೆ ಅದನ್ನೇ ಕುಡಿದು ಕೂತದ್ದು."

ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು. ಯಾರಿಗಾಗಿ ಅವನು ಹಂಡೆ ತಿಕ್ಕಿದ್ದನೋ ಅದು ಈಗ ಮೂವರಿಗೂ ಗೊತ್ತಿತ್ತು.

ಮರುದಿನವೇ ಬೇರೆ ಹಗ್ಗದಿಂದ ಪಚ್ಚಿಲೆ ತೆಗೆದಳು. ಈ ಸಲ ಬಕೆಟನ್ನು ಕೈಬಿಡಲಿಲ್ಲ. ವರದಿ ಚೊಕ್ಕವಾಗಿ ಬಂತು. ತಾಮ್ರ ಚೂರು ಇತ್ತು, ತಿನ್ನಲು ಅಡ್ಡಿಯಿಲ್ಲದಷ್ಟು. ಆ ಚೂರಿನ ಬಗ್ಗೆ ಅಪ್ಪನೊಡನೆ ಮಾತಾಡಲೇಬೇಕೆಂದು ಅವಳು ನಿಶ್ಚಯಿಸಿದಳು.

ಮೊದಲ ಹನಿ ಬೀಳುವ ಮುನ್ನ ಹಗ್ಗಗಳೆಲ್ಲ ದಡ ಸೇರಿದವು. ಹೋಟೆಲಿನ ಲಾರಿಗೆ ತುಂಬುವ ಮೊದಲೇ ಒಂದು ಗೊಂಚಲು ನರಿಕೊಂಬಿನ ಅಡುಗೆಮನೆಗೆ ಬಂದಿತ್ತು. ಲೋಲಾಕ್ಷಿ ತೆಂಗಿನತುರಿ ಹಾಕಿ ಹುರಿದು ಬಡಿಸಿದ ಬಿಸಿ ಸುಕ್ಕದ ಮುಂದೆ ವಿಸ್ಮಿತಾ ಕೈಕಟ್ಟಿ ಕೂತಿದ್ದಳು.

"ಹೆದರಿಕೆಯಾ?" ಮನ್ವಿತ್ ಮೆಲ್ಲನೆ ಕೇಳಿದ.

"ಹೌದು. ತಿಂದರೆ ನಾನು ಕೊಟ್ಟ ಮಾತು ಮುಗೀತದೆ. ಮತ್ತೆ ಇಲ್ಲಿಗೆ ಬರ್ಲಿಕ್ಕೆ ನೆಪ ಎಲ್ಲುಂಟು?"

"ನನ್ನ ಮನೆಗೆ ಬರ್ಲಿಕ್ಕೆ ನಿಮಗೆ ನೆಪ ಬೇಡ, ವಿಸ್ಮಿತಾ. ಇಲ್ಲಿಂದ ಹೋಗ್ಲಿಕ್ಕೆ ಬೇಕಾದ್ರೆ ಹುಡುಕಿ."

ಮೊದಲ ಬಾರಿ ಅವನು ಹೆಸರು ಹಿಡಿದು ಕರೆದಿದ್ದ. ಅವಳು ತಲೆ ತಗ್ಗಿಸಿ, ಚಿಪ್ಪು ಬಿಡಿಸಿ, ಮೊದಲ ಪಚ್ಚಿಲೆಯನ್ನು ಬಾಯಿಗಿಟ್ಟುಕೊಂಡಳು.

"ಹೇಗುಂಟು?"

ನಿಧಾನವಾಗಿ ಅಗಿದು ನುಂಗಿ, ಅವನನ್ನು ನೋಡಿ ನಕ್ಕಳು.

"ಹಂಡೆಯ ರುಚಿ ಇಲ್ಲ."