ತಂಗಿಗೆಂದು ಹೋದಲ್ಲಿ

ಮೇಜಿನ ಆಚೆ ಕೂತಿದ್ದವನನ್ನೇ ಅವಳು ಕೌನ್ಸೆಲರ್ ಅಂದುಕೊಂಡಳು. ತಪ್ಪು ಅವಳದಲ್ಲ. ಹರೆಯದವರ ಮನಸ್ಸಿನ ಆರೋಗ್ಯ ನೋಡುವ ಆ ಕೇಂದ್ರದ ಮುಂದಿನ ಕೋಣೆಯಲ್ಲಿ ಆಗ ಇದ್ದವನು ಅವನೊಬ್ಬನೇ. ಅಗಲವಾದ ಭುಜ, ಒದ್ದೆ ಕೂದಲು, ಅವಸರವೇ ಇಲ್ಲದ ಕಣ್ಣು.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವಿಡೀ ಜನರ ಕಣ್ಣು ನೋಡುವುದೇ ಕಸುಬು. ಈ ಕಣ್ಣನ್ನು ನಂಬಬಹುದು ಅನ್ನಿಸಿದ್ದೇ ತಡ, ಎದುರಿನ ಕುರ್ಚಿ ಎಳೆದುಕೊಂಡು ಶುರುಮಾಡಿದಳು.

"ನನ್ನ ತಂಗಿ ಸಾರ್. ಕಾಲೇಜಿಗೆ ಹೋಗೋದು ಬಿಟ್ಟು ತಿಂಗಳುಗಳೇ ಆದವು. ರೂಮಿನ ಪರದೆ ಸರಿಸೋಕೂ ಬಿಡಲ್ಲ. ಮೊದಲು ವಟವಟ ಅಂತ ತಲೆ ತಿನ್ನೋಳು, ಈಗ ಏನು ಕೇಳಿದ್ರೂ ಬರೀ 'ಹೂಂ'. ಅಮ್ಮ ಸೋಮಾರಿತನ ಅಂತಾಳೆ. ಅಪ್ಪ ಫೋನ್ ಕಿತ್ಕೊಂಡ್ರೆ ಸರಿಹೋಗುತ್ತೆ ಅಂತಾರೆ. ನನಗೆ ಮಾತ್ರ..." ಕಣ್ಣೊರೆಸಿಕೊಂಡಳು.

ಅವನು ನೀರಿನ ಲೋಟ ಅವಳತ್ತ ಸರಿಸಿದ. "ನಿಮ್ಮ ಹತ್ರ ಜಗಳ ಆಡ್ತಾಳಾ?"

"ಇಲ್ಲ. ಆಡಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು."

ಅಷ್ಟರಲ್ಲಿ ಒಳಬಾಗಿಲು ತೆರೆದು ನರೆಗೂದಲಿನ ಹೆಂಗಸೊಬ್ಬರು ಇಣುಕಿದರು. "ಬಾಪ್ಪಾ, ನಿನ್ನ ಸರದಿ."

ಅವಳ ಕಿವಿಯೆಲ್ಲ ಬಿಸಿಯಾಯಿತು. "ನೀವು ಕೌನ್ಸೆಲರ್ ಅಲ್ವಾ?"

"ಈಜು ಕಲಿಸ್ತೀನಿ. ಬೆಂಚಿಗೆ ಬಣ್ಣ ಹೊಡೆದಿದ್ದಾರೆ, ಇನ್ನೂ ಒಣಗಿಲ್ಲ. ಅದಕ್ಕೆ ಇಲ್ಲಿ ಕೂತೆ."

"ಮೊದಲೇ ಹೇಳಬಾರದಿತ್ತಾ?"

"ನೀವು ಉಸಿರು ತಗೊಳ್ಳೋಕಾದ್ರೂ ನಿಲ್ಲಿಸ್ತೀರೇನೋ ಅಂತ ಕಾಯ್ತಿದ್ದೆ," ಅಂದ. ತುಟಿ ನಗಲಿಲ್ಲ, ಕಣ್ಣು ನಕ್ಕಿತು. ತನ್ನ ಸರದಿಯನ್ನು ಅವಳಿಗೇ ಬಿಟ್ಟುಕೊಟ್ಟ.

ಒಳಗಿದ್ದ ಮೇಡಂ ಪೂರ್ತಿ ಕೇಳಿಸಿಕೊಂಡು, ನಂಬರಿನ ಚೀಟಿ ಕೊಟ್ಟು ಹೇಳಿದರು: "ಎಳ್ಕೊಂಡು ಬರಬೇಡಮ್ಮ. ಇಲ್ಲಿಗೆ ಬರಬಹುದು, ಫೋನಲ್ಲಿ ಮಾತಾಡಬಹುದು, ಮಾತೇ ಬೇಡ ಅಂದ್ರೆ ಮೆಸೇಜ್ ಮಾಡಬಹುದು. ಅವಳೇ ಆರಿಸ್ಕೊಳ್ಳಲಿ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳು, ಕೇಳಿದ್ರೆ ತಪ್ಪಿಲ್ಲ. ಹೌದು ಅಂದ್ರೆ ಒಬ್ಬಳನ್ನೇ ಬಿಡಬೇಡ, ಆಗಲೇ ಈ ನಂಬರಿಗೆ ಫೋನ್ ಮಾಡು."

ಎರಡು ದಿನ ಕಳೆದ ಮೇಲೆ ಆ ಈಜು ಕಲಿಸುವವನು ಅವಳ ಅಂಗಡಿಗೆ ಬಂದ. ಅವಳ ಚೀಲದ ಮೇಲೆ ಅಂಗಡಿಯ ಹೆಸರು ನೋಡಿದ್ದನಂತೆ, ಕಣ್ಣು ಪರೀಕ್ಷೆ ಆಗಬೇಕಂತೆ. ಅವಳು ಅವನ ಮೂಗಿನ ಮೇಲೆ ದಪ್ಪ ಗುಂಡು ಫ್ರೇಮ್ ಕೂರಿಸಿ, ಗಾಜು ಬದಲಿಸಲು ಬಾಗಿದಳು. ಅಷ್ಟು ಹತ್ತಿರದಿಂದ ನೋಡಿದರೆ ಅವನ ರೆಪ್ಪೆಗೂದಲುಗಳು ಬಿಸಿಲಿಗೂ ನೀರಿಗೂ ತುದಿಯಲ್ಲಿ ಚೂರು ಕೆಂಚಗಾಗಿದ್ದವು. ಅವನೂ ನೋಡುತ್ತಿದ್ದ. ಅವಳು ಅವಸರದಲ್ಲಿ ಗಾಜು ತೂರಿಸಿ ಹಿಂದೆ ಸರಿದಳು.

"ಕೊನೇ ಸಾಲು ಓದಿ."

ಪಟಪಟ ಓದಿಬಿಟ್ಟ.

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ."

"ಗೊತ್ತು. ತಂಗಿ ಹೇಗಿದ್ದಾಳೆ ಅಂತ ಕೇಳೋಕೆ ಬಂದೆ."

ಇವನು ಆ ಕೇಂದ್ರಕ್ಕೆ ಯಾಕೆ ಹೋಗುತ್ತಾನೆ ಎಂಬ ಪ್ರಶ್ನೆ ಅವಳ ನಾಲಿಗೆ ತುದಿಯಲ್ಲೇ ಇತ್ತು. ಕೇಳಲು ಬಾಯಿ ಬರಲಿಲ್ಲ.

ಸಂಜೆ ತಂಗಿಯ ಮಂಚದ ಪಕ್ಕ ನೆಲದ ಮೇಲೆ ಕೂತಳು. ಬುದ್ಧಿಮಾತು ಹೇಳುವ ಬದಲು ತನ್ನ ಎಡವಟ್ಟನ್ನೇ ಹೇಳಿದಳು. "ಕೌನ್ಸೆಲರ್ ಅಂತ ತಿಳ್ಕೊಂಡು ಯಾರೋ ಈಜು ಮೇಷ್ಟ್ರ ಮುಂದೆ ನಿನ್ನ ವಿಷಯ ಎಲ್ಲಾ ಹೇಳಿಬಿಟ್ಟೆ ಕಣೇ. ಕ್ಷಮಿಸು."

ತಂಗಿ ರೇಗುತ್ತಾಳೆ ಅಂದುಕೊಂಡಳು. ಬದಲಿಗೆ ಅವಳು ದಿಂಬಿನಿಂದ ತಲೆ ಎತ್ತಿದಳು. "ಆಮೇಲೆ?"

ಎಷ್ಟೋ ದಿನದ ಮೇಲೆ ತಂಗಿ ಕೇಳಿದ ಮೊದಲ ಪ್ರಶ್ನೆ ಅದು. ಅಕ್ಕ ಮಂಚಕ್ಕೆ ಇನ್ನಷ್ಟು ಹತ್ತಿರ ಸರಿದಳು. "ಆಮೇಲೆ ಇವತ್ತು ಅಂಗಡಿಗೆ ಬಂದಿದ್ರು. ಕಣ್ಣು ಸರಿಯಾಗೇ ಇದೆ."

"ಕಣ್ಣು ಸರಿ ಇರೋರು ಯಾಕೆ ಬರ್ತಾರೆ?" ಮೊಣಕೈ ಊರಿ ಅಕ್ಕನ ಕಡೆ ತಿರುಗಿ, "ನೋಡೋಕೆ ಹೇಗಿದ್ದಾರೆ?"

ಅಕ್ಕ ನಕ್ಕಳು, ಮತ್ತೆ ಗಂಭೀರಳಾದಳು. ತಂಗಿಯ ಕೈ ಹಿಡಿದು ಮೇಡಂ ಹೇಳಿಕೊಟ್ಟ ಪ್ರಶ್ನೆ ಕೇಳಿದಳು. "ಸಾಯಬೇಕು ಅನ್ನಿಸುತ್ತೇನೇ?"

"ಇಲ್ಲ ಅಕ್ಕಾ. ಏನೂ ಅನ್ನಿಸಲ್ಲ. ಅದೇ ಭಯ." ಕೈ ಬಿಡಿಸಿಕೊಳ್ಳಲಿಲ್ಲ. "ಅಲ್ಲಿಗೆ ಹೋದ್ರೆ ಹುಚ್ಚಿ ಅನ್ನಲ್ವಾ?"

"ಆ ಮೇಷ್ಟ್ರೂ ಹೋಗ್ತಾರೆ."

"ಅವರಿಗೇನಾಗಿದೆ?"

"ಕೇಳೋಕೆ ನನಗೆ ಧೈರ್ಯ ಇಲ್ಲ."

ತಂಗಿ ಹೊದಿಕೆ ಸರಿಸಿ ಎದ್ದು ಕೂತಳು. "ನಾನು ಕೇಳ್ತೀನಿ."

ಶನಿವಾರ ತಂಗಿ ಕೇಂದ್ರಕ್ಕೆ ಬಂದೇಬಂದಳು. ತಲೆ ಬಾಚಿರಲಿಲ್ಲ, ಅಕ್ಕನ ತೋಳು ಬಿಟ್ಟಿರಲಿಲ್ಲ. ಆದರೂ ಬೆಂಚಿನಲ್ಲಿದ್ದವನ ಮುಂದೆ ನಿಂತು ಕೇಳಿಯೇಬಿಟ್ಟಳು. "ನಿಮಗೇನಾಗಿತ್ತು?"

ಅವನು ಮುಚ್ಚಿಡಲಿಲ್ಲ. "ನೀರು ಕಂಡ್ರೆ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಈಜು ಕಲಿಸೋನಿಗೆ! ಕೆಲಸಕ್ಕೆ ಹೋಗೋದು ಬಿಟ್ಟೆ. ಹಾಸಿಗೆಯಿಂದ ಏಳೋಕೇ ಆಗ್ತಿರಲಿಲ್ಲ."

"ಈಗ ವಾಸಿ ಆಯ್ತಾ?"

"ತುಂಬಾ ವಾಸಿ. ಆದರೂ ಕೆಲವು ದಿನ ಕಷ್ಟಾನೇ. ಅದಕ್ಕೆ ಇನ್ನೂ ಬರ್ತೀನಿ."

ತಂಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಕ್ಕನ ತೋಳು ಬಿಟ್ಟು ತಾನೇ ಒಳಗೆ ಹೋದಳು.

ಬೆಂಚಿನ ಮೇಲೆ ಇಬ್ಬರೇ ಉಳಿದರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

"ಈಗ ಹೇಳಿದ್ದು ನಿಮಗೂ ಸೇರಿಸಿ," ಅಂದ ಅವನು, ಅಂಗೈ ನೋಡಿಕೊಳ್ಳುತ್ತಾ. "ನನ್ನ ಜೊತೆ ಬದುಕೋರಿಗೆ ಮೊದಲೇ ಗೊತ್ತಿರಬೇಕು."

"ಯಾರು ಬದುಕ್ತಾರಂತೆ?"

"ನಿಮ್ಮನ್ನೇ ಕೇಳಬೇಕು ಅಂತಿದೀನಿ. ಇಷ್ಟವಿಲ್ಲ ಅಂದ್ರೂ ಬೇಜಾರಿಲ್ಲ. ಅಂದ್ರೆ, ಬೇಜಾರಾಗುತ್ತೆ. ಆದ್ರೆ ತಡ್ಕೋತೀನಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. ತಂಗಿಯ ಕಣ್ಣುಗಳು ಊದಿಕೊಂಡಿದ್ದವು, ಮೂಗು ಕೆಂಪಗಿತ್ತು. "ಮುಂದಿನ ವಾರಾನೂ ಬರ್ತೀನಿ ಅಂದೆ," ಅಂದಳು. ಇಬ್ಬರ ಮುಖವನ್ನೂ ಒಂದೊಂದಾಗಿ ನೋಡಿದಳು. "ಅಕ್ಕಾ, ಇವರನ್ನ ನಾನು ಏನಂತ ಕರೀಲಿ?"

ಅವನು ಗೋಡೆಯ ಕಡೆ ತಿರುಗಿದ.

ಅಕ್ಕ ತಂಗಿಯ ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತಾ, ಅವನನ್ನೇ ನೋಡಿಕೊಂಡು ಹೇಳಿದಳು.

"ಸದ್ಯಕ್ಕೆ ಮೇಷ್ಟ್ರೇ ಅನ್ನು."

"ಸದ್ಯಕ್ಕೆ," ಅಂತ ಅವನು ಮೆಲ್ಲಗೆ ತನ್ನಲ್ಲೇ ಹೇಳಿಕೊಂಡ. ಈ ಸಲ ತುಟಿಯೂ ನಕ್ಕಿತು.