ತೋಳಿನ ಮೇಲಿನ ನೀಲಿ ಗೆರೆ

ಡಾಕ್ಟರ್ ಶ್ರೀಹರಿಯವರು ಸತ್ತದ್ದು ಚಳಿಯಿಂದ. ಅದೂ ಏಪ್ರಿಲ್ ತಿಂಗಳ ಬೇಗೆಯಲ್ಲಿ, ಹಲಸೂರಿನಲ್ಲಿ.

೧೯೯೬ರ ಆ ಭಾನುವಾರ ಬೆಳಗ್ಗೆ ಪ್ರಯೋಗಾಲಯದ ಶೀತಕೋಣೆಯ ಬಾಗಿಲು ತೆರೆದಾಗ ಅವರು ಹೊಸ್ತಿಲಿಗೆ ತಲೆಯಿಟ್ಟು ಮಲಗಿದ್ದರು. ಮದ್ದು, ರಕ್ತದ ಸೀಸೆಗಳನ್ನು ಇಡುವ ಕೋಣೆ ಅದು. ಬಾಗಿಲ ಒಳಮೈಯ ತೇವದಲ್ಲಿ ಅಂಗೈ ಗುರುತುಗಳು. ಮೇಲಿನಿಂದ ಕೆಳಗಿಳಿದು ಬಂದಿದ್ದವು. ಮುಷ್ಟಿಯಲ್ಲಿ ಕಿತ್ತುಬಂದ ಬಾಗಿಲ ಹಿಡಿ.

ಇನ್‌ಸ್ಪೆಕ್ಟರ್ ಖಾದರ್ ಮಂಡಿಯೂರಿದರು. ಕ್ಷಯರೋಗದ ಸಂಶೋಧನೆಗೆ ಜೀವ ತೇಯ್ದ ಈ ಡಾಕ್ಟರನ್ನು ಅವರು ಬಲ್ಲರು. ಶಿವಾಜಿನಗರದಲ್ಲಿ ತಾಯಿ ಇಮಾಮ್ ಬೀ ರಕ್ತ ಕೆಮ್ಮುತ್ತಿದ್ದಾಗ ಉಳಿಸಿಕೊಟ್ಟವರು ಇವರೇ. ಅಂದು ಹುಡುಗ ಖಾದರನ ತೋಳಿಗೂ ಕ್ಷಯದ ಪರೀಕ್ಷೆಯ ಸೂಜಿ ಚುಚ್ಚಿ, "ಎರಡು ದಿನ ಬಿಟ್ಟು ಬಾರೋ, ನಿನ್ನ ಮೈ ಏನು ಹೇಳುತ್ತೋ ನೋಡೋಣ" ಎಂದಿದ್ದರು.

ಶವದ ಎಡತೋಳಿನಲ್ಲಿ ಗಟ್ಟಿಯಾದ ಕೆಂಪು ಬಾವು. ಹಲಸಿನ ಬೀಜದ ಆಕಾರ. ಅದರ ಅಂಚನ್ನೇ ಹಿಡಿದು ಅಂಕುಡೊಂಕಾಗಿ ಸಾಗಿದ ನೀಲಿ ಪೆನ್ನಿನ ಗೆರೆ.

"ನಿನ್ನೆ ಸಂಜೆ ಬಡಿಯೋ ಸದ್ದು ಕೇಳಿಸ್ತು ಸಾರ್." ಕಾವಲುಗಾರ ರಾಮಾಂಜಿನಪ್ಪ ಹೇಳಿದ.

"ಕೇಳಿಸಿ ಏನ್ ಮಾಡ್ದೆ?"

"ಇದು ಪ್ಲೇಗ್ ಕಾಲದ ಬಂಗ್ಲೆ ಸಾರ್. ಇಲ್ಲಿ ಸತ್ತೋರು ಗೋಡೆ ತಟ್ತಾರಂತೆ. ಓಗೊಟ್ರೆ ನಮ್ಮನ್ನೂ ಕರ್ಕೊಂಡೋಗ್ತಾರಂತೆ. ಪ್ಲೇಗಮ್ಮನ ಗುಡಿಯಿಂದ ನಿಂಬೆಹಣ್ಣು ತಂದು, ಬಾಗಿಲ ಮುಂದಿಟ್ಟು ಕೈಮುಗಿದೆ."

"ಆಮೇಲೆ?"

"ಸದ್ದು ನಿಂತೋಯ್ತು ಸಾರ್. ಅಮ್ಮ ನನ್ನ ಮೊರೆ ಕೇಳಿದ್ಳು ಅಂದ್ಕೊಂಡೆ."

ನಿಂಬೆಹಣ್ಣು ಇನ್ನೂ ಅಲ್ಲೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

*

ಡಾಕ್ಟರರ ಕೈಕೆಳಗಿನ ಯುವ ವಿಜ್ಞಾನಿ ವಿಕ್ರಮ್ ಕಣ್ಣೊರೆಸಿಕೊಂಡ.

"ಒಳಗಿನ ಆ ಹಿಡಿ ಲೂಸಾಗಿದೆ, ರಿಪೇರಿ ಮಾಡ್ಸಿ ಅಂತ ಹೇಳ್ತಾನೇ ಇದ್ದೆ ಸಾರ್. ಪಾಪ, ಅವರದೇ ಅಜಾಗ್ರತೆ."

"ತೋಳಿನ ಗೆರೆ?"

"ನಾನು ತಯಾರಿಸಿದ ಹೊಸ ಟೆಸ್ಟ್ ಸಾರ್. ಕ್ಷಯ ಇದ್ದೋರಿಗೆ ಮಾತ್ರ ಬಾವು ಬರುತ್ತೆ. ನಾಳೆ ಪತ್ರಿಕೆಯವರ ಮುಂದೆ ಘೋಷಣೆ. ಯಾವ ಹೊಸ ಮದ್ದನ್ನೂ ಅವರು ಮೊದಲು ತಮಗೇ ಚುಚ್ಕೊಳ್ಳೋರು. ನಿನ್ನೆ ಮಧ್ಯಾಹ್ನ ಚುಚ್ಕೊಂಡ್ರು. ಜಾಗ ಗೊತ್ತಿರ್ಲಿ ಅಂತ ಆಗ್ಲೇ ನಾನು ಗೆರೆ ಎಳೆದೆ, ಮನೆಗೆ ಹೊರಟ್ಬಿಟ್ಟೆ."

"ನೀವೇ ಎಳೆದದ್ದಾ?"

"ಹೌದು. ಪೆನ್ನೂ ನನ್ನದೇ."

"ಈಗ ಬಾವು ಬಂದಿದೆಯಲ್ಲ?"

"ಸೂಜಿ ನೋವಿಗೆ ಸ್ವಲ್ಪ ಬಂದಿರುತ್ತೆ ಬಿಡಿ."

ಖಾದರ್ ಬಿಟ್ಟರು. ಸದ್ಯಕ್ಕೆ ಮಾತ್ರ.

*

ಪೋಸ್ಟ್‌ಮಾರ್ಟಂ ಮುಗಿದು ಶವ ಇಂದಿರಾನಗರದ ಮನೆಗೆ ಬಂದಿತ್ತು. ತಲೆಯ ಬಳಿ ದೀಪ. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಕತ್ತಲಾಗುವ ಮೊದಲು ಕಲ್ಪಳ್ಳಿಯ ಸ್ಮಶಾನಕ್ಕೆ ಒಯ್ಯಬೇಕು. ಬೆಂಕಿಗೆ ಬಿದ್ದರೆ ಆ ತೋಳು ಬೂದಿ. ಉಳಿಯುವುದು 'ಅಜಾಗ್ರತೆ' ಎಂಬ ಒಂದು ಮಾತು.

"ಎಲ್ಲರ ಬಾಯಲ್ಲೂ ಅದೇ," ಡಾಕ್ಟರರ ಪತ್ನಿ ರಮಾಮಣಿ ಮೆಲ್ಲಗೆ ಹೇಳಿದರು. "ಒಂದು ಸೀಸೆ ಕೈಜಾರಿ ಬೀಳಿಸಿದೋರಲ್ಲ ಇವರು. ಕೆಲಸ ಇದ್ರೆ ಅಲ್ಲೇ ಮಲಗೋರು. ನಿನ್ನೆಯೂ ಹಾಗೇ ಅಂದ್ಕೊಂಡು ನಾನು ನಿದ್ದೆ ಮಾಡ್ಬಿಟ್ಟೆ, ಖಾದರ್."

"ಅಮ್ಮ, ತೋಳಿಗೆ ಯಾವತ್ತು ಚುಚ್ಕೊಂಡ್ರು?"

"ಗುರುವಾರ. ಸಂಜೆ ರಾಯರ ಮಠದಲ್ಲಿ ಅಂಗಿ ತೆಗೆದು ತೀರ್ಥಕ್ಕೆ ನಿಂತಾಗ ತೋಳಲ್ಲಿ ಹತ್ತಿ ಕಾಣಿಸ್ತು. 'ಶನಿವಾರ ವಿಕ್ರಮ್ ನೋಡಿ ಗುರುತು ಹಾಕ್ತಾನೆ' ಅಂದ್ರು. 'ತನ್ನ ತೋಳನ್ನ ತಾನೇ ಅಳೀಬಾರದು ರಮಾ, ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ' ಅಂದ್ರು."

ಅಷ್ಟರಲ್ಲಿ ವಿಕ್ರಮ್ ಹೂವಿನ ಹಾರ ಹಿಡಿದು ಬಂದ.

"ಇಲ್ಲಿ ಬನ್ನಿ." ಖಾದರ್ ಶವದ ಮೇಲಿನ ಬಟ್ಟೆ ಸರಿಸಿದರು. "ಈ ಬಾವು ಏಳೋಕೆ ಎರಡು ದಿನ ಬೇಕು. ಚಿಕ್ಕವನಿದ್ದಾಗ ನಾನೇ ಕಾದಿದ್ದೀನಿ. ಜೀವ ಇದ್ರೆ ತಾನೇ ಮೈ ಆ ಮದ್ದಿನ ಜೊತೆ ಜಗಳಕ್ಕೆ ನಿಲ್ಲೋದು? ನಿನ್ನೆ ಚುಚ್ಕೊಂಡು ನಿನ್ನೆಯೇ ಸತ್ತೋರ ತೋಳಲ್ಲಿ ಇದು ಹೇಗೆ ಬಂತು?"

"ಹಾಗಾದ್ರೆ... ಗುರುವಾರ ಇರ್ಬೇಕು. ಮರೆತೆ ಸಾರ್."

"ಆಯ್ತು, ಮರೆತ್ರಿ. ಗೆರೆ ನೋಡಿ. ಅಂಚಿನ ಡೊಂಕು ಡೊಂಕಿಗೂ ಬಗ್ಗಿದೆ. ಇನ್ನೂ ಏಳದ ಬಾವಿನ ಅಂಚನ್ನ ಹೇಗ್ರೀ ಎಳೆದ್ರಿ? ಪೆನ್ನು ನಿಮ್ಮದೇ ಅಂದ್ರಲ್ಲ. ಅಂದ್ರೆ ನಿನ್ನೆ ಇದನ್ನ ಕಣ್ಣಾರೆ ನೋಡಿದ್ರಿ. ಪೋಸ್ಟ್‌ಮಾರ್ಟಂ ಮಾಡಿದೋರು ಇವರಿಗೆ ಕ್ಷಯ ಇರಲಿಲ್ಲ ಅಂದ್ರು. ಕ್ಷಯ ಇಲ್ಲದ ಮೈಯಲ್ಲೂ ಬಾವು! ನಿಮ್ಮ ಟೆಸ್ಟ್ ಸುಳ್ಳು. ಆಗ ಇವರೇನಂದ್ರು?"

ಹಾರ ನೆಲಕ್ಕೆ ಬಿತ್ತು.

"'ಘೋಷಣೆ ಬೇಡ' ಅಂದ್ರು. 'ಆರೋಗ್ಯವಾಗಿರೋರಿಗೆ ರೋಗಿ ಅಂತ ಹಣೆಪಟ್ಟಿ ಕಟ್ಟೋದು ಪಾಪ ಕಣೋ' ಅಂದ್ರು. ಆ ಮದ್ದಿನ ಸೀಸೆ ತರೋಕೆ ಶೀತಕೋಣೆ ಒಳಗೆ ಹೋದ್ರು. ಹಿಡಿ ಲೂಸು ಅಂತ ಗೊತ್ತಿತ್ತು. ಹೊರಗಿಂದ ಬಾಗಿಲು ತಳ್ಳಿ ಮುಚ್ಚಿದೆ. ಬಡಿಯೋದು ಗೇಟಿನ ತನಕ ಕೇಳಿಸ್ತಿತ್ತು."

*

ಪೊಲೀಸರು ಅವನನ್ನು ಜೀಪಿಗೆ ಹತ್ತಿಸಿದರು. ಖಾದರ್ ತಲೆ ತಗ್ಗಿಸಿ ನಿಂತರು.

"ಅಮ್ಮ, ಈ ತೋಳನ್ನ ಆಸ್ಪತ್ರೆಯೋರು ಮತ್ತೊಂದು ಸಲ ನೋಡ್ಬೇಕು. ಇವತ್ತು ಸಂಸ್ಕಾರ ಆಗಲ್ಲ."

ಪುರೋಹಿತರು ಏನೋ ಹೇಳಹೊರಟರು. ರಮಾಮಣಿ ಕೈಯೆತ್ತಿ ತಡೆದರು.

"ಒಂದು ಉತ್ತರಕ್ಕೆ ಎರಡು ದಿನ ತೋಳು ನೋಡ್ಕೊಂಡು ಕೂರೋರು ಇವರು. ನಾನು ಒಂದು ರಾತ್ರಿ ಕಾಯಲ್ವೆ? ಕರ್ಕೊಂಡು ಹೋಗಿ." ಆಮೇಲೆ ಕೇಳಿದರು, "ಅಲ್ಲೂ ಶೀತಕೋಣೆಯಲ್ಲೇ ಇಡ್ತಾರಾ?"

ಖಾದರ್ ಹೌದೆಂದು ತಲೆಯಾಡಿಸಿದರು.

ಆಕೆ ಒಳಗೆ ಹೋಗಿ, ಮನೆಯಲ್ಲಿದ್ದ ದಪ್ಪ ಕಂಬಳಿಯನ್ನು ತಂದು ಗಂಡನಿಗೆ ಕುತ್ತಿಗೆಯವರೆಗೂ ಹೊದಿಸಿದರು.