ಜೈಸಲ್ಮೇರಿನಿಂದ ಬಂದವಳು

"ಜೈಸಲ್ಮೇರಲ್ಲಿ ಎರಡು ವರ್ಷ ಇದ್ರಂತೆ. ಒಂಟೆ ಸವಾರಿ ಹೇಗಿರುತ್ತೆ?"

ಹಳೇಬೀಡಿನ ಆ ಪುಟ್ಟ ಲಾಡ್ಜಿನ ಕೌಂಟರಿನಲ್ಲಿ ಕೂತಿದ್ದ ಪ್ರತಿಮಾ ರಿಜಿಸ್ಟರಿನಿಂದ ತಲೆಯೆತ್ತಿದಳು. ಎದುರಿಗೆ ಉದಯಕುಮಾರ್ ನಿಂತಿದ್ದ. ಅರಸೀಕೆರೆಯ ಕೊಬ್ಬರಿ ಮಂಡಿಯವರ ಮಗ. ಮಂಡಿಯಲ್ಲಿ ಕೂರಲಾರದೆ ಇಲ್ಲಿಗೆ ಬಂದು, ಕೆರೆ ಏರಿಯ ಹತ್ತಿರ ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ.

"ಗೊತ್ತಿಲ್ಲ. ನಾನು ಹತ್ತಿಲ್ಲ."

"ಎರಡು ವರ್ಷ ಇದ್ದೂ ಹತ್ತಿಲ್ವಾ?" ಅವನು ನಕ್ಕ. ಗುಡಿ ನೋಡಿ ಒಂದೇ ಗಂಟೆಗೆ ಬೇಲೂರು ಬಸ್ಸು ಹತ್ತುವ ಜನರನ್ನು ಒಂದು ದಿನವಾದರೂ ಊರಲ್ಲಿ ನಿಲ್ಲಿಸಬೇಕೆಂಬುದು ಅವನ ಆಸೆ. "ಅಲ್ಲಿ ಬರೀ ಮರಳಿಟ್ಕೊಂಡು ಜನಾನ ಮೂರು ದಿನ ಕೂರಿಸ್ತಾರಲ್ಲ, ಹೇಗೆ? ಹೇಳಿಕೊಡಿ, ಬೋರ್ಡ್ ಬರೆಸ್ತೀನಿ."

ರೈಲಿನ ವೇಳಾಪಟ್ಟಿ ಓದುವವಳ ಹಾಗೆ ಅವಳು ಹೇಳಿದಳು. ವಯಸ್ಸಾದವರಿಗೆ ಒಂಟೆ ಗಾಡಿ. ಕಾಲೇಜು ಹುಡುಗರಿಗೆ ಜೀಪು. ಮಕ್ಕಳಿರುವವರಿಗೆ ಸಂಜೆಯ ಮರಳದಿಬ್ಬ, ಮನಸ್ಸು ತಣಿಯುವಷ್ಟು ಜಾರಾಟ. ಒಬ್ಬರೇ ಬಂದವರಿಗೆ ಕೋಟೆಯ ಸುತ್ತ ಬೆಳಗಿನ ನಡಿಗೆ.

"ಹೊಸದಾಗಿ ಮದುವೆ ಆದವರಿಗೆ?" ಕಣ್ಣಂಚಿನಲ್ಲಿ ನಗುತ್ತ ಕೇಳಿದ.

"ನಮ್ಮನೆಯವರು ಮಿಲಿಟ್ರೀಲಿದ್ರು. ಮುಂದಿನ ರಜೇಲಿ ಒಂಟೆ ಹತ್ಸ್ತೀನಿ ಅಂತಿದ್ರು. ಅಷ್ಟರಲ್ಲಿ ಅವರ ಗಾಡಿ ಮಗುಚ್ತು. ನಾಲ್ಕು ವರ್ಷ ಆಯ್ತು."

ಅವನ ನಗು ನಿಂತುಹೋಯಿತು. ಅವಳು ಮತ್ತೆ ರಿಜಿಸ್ಟರಿಗೆ ಗೆರೆ ಎಳೆಯತೊಡಗಿದಳು.

ಮರುದಿನ ಅವನು ಬಂದು ತಪ್ಪಾಯಿತು ಎಂದಾಗ, "ನಂಗೇನೂ ಬೇಜಾರಿಲ್ಲ" ಎಂದಳು. ಅದು ನಿಜವೇ. ಮೊದಲ ವರ್ಷ ಅತ್ತೂ ಅತ್ತೂ ಅಳು ನಿಂತಿತ್ತು. ನಿಲ್ಲುವಾಗ ಉಳಿದದ್ದನ್ನೂ ಕರೆದುಕೊಂಡು ಹೋಗಿತ್ತು. ಊಟಕ್ಕೆ ಉಪ್ಪು ಹೆಚ್ಚಾದರೂ ತಿಳಿಯುತ್ತಿರಲಿಲ್ಲ. ಅತ್ತೆ ಬಸಮ್ಮ ತಲೆಗೆ ಎಣ್ಣೆ ಹಚ್ಚಿದರೆ, ಅದು ಬೇರೆ ಯಾರದೋ ತಲೆ ಅನಿಸುತ್ತಿತ್ತು.

ಉದಯ ಮಾತ್ರ ಬರುವುದನ್ನು ಬಿಡಲಿಲ್ಲ. ಬೋರ್ಡಿನ ನೆಪ. ಅವಳು ಬರೆಯುವಾಗ ಅವಳ ಕೈಯನ್ನೇ ನೋಡುವನು. ತಲೆಯೆತ್ತಿದರೆ ಗೋಡೆಯ ಕ್ಯಾಲೆಂಡರ್ ನೋಡುವನು. ಅದು ಅವಳಿಗೆ ಗೊತ್ತಾಗುತ್ತಿತ್ತು, ಅಷ್ಟೆ.

ಸಂಕ್ರಾಂತಿ ಕಳೆದ ಮೇಲೆ ಹಾಸನದ ಟೀಚರಮ್ಮಂದಿರ ಗುಂಪೊಂದು ಪುಷ್ಪಗಿರಿ ಬೆಟ್ಟ ಹತ್ತಲು ಬಂತು. ಜೊತೆಗೊಬ್ಬ ಹೆಂಗಸು ಬೇಕೆಂದು ಉದಯ ಪ್ರತಿಮಾಳನ್ನು ಕರೆದ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವಾಗ, ಸ್ವಲ್ಪ ದೂರದ ಬಂಡೆಯ ಮೇಲೆ ಅವಳ ಪಕ್ಕ ಕೂತು ಕೇಳಿಬಿಟ್ಟ. "ನನ್ನನ್ನ ಮದುವೆ ಆಗ್ತೀರಾ?"

ಕೆಳಗೆ ಬಿಸಿಲಿಗೆ ಬಿಳಿಚಿಕೊಂಡ ಹೊಲಗಳು ಹರಡಿದ್ದವು.

"ನಂಗೆ ಏನೂ ಅನ್ಸಲ್ಲ ಉದಯ್. ನೀವು ಕೇಳಿದ್ರಲ್ಲ, ಈಗ್ಲೂ ಅನ್ಸ್ತಿಲ್ಲ. ಇಂಥವಳನ್ನ ಕಟ್ಕೊಂಡು ಏನ್ಮಾಡ್ತೀರಾ?"

ಅವನು ಬುತ್ತಿಯ ಡಬ್ಬಿಯನ್ನು ಅವಳ ಕಡೆ ಸರಿಸಿದ. ಆಮೇಲೆ, "ಮೊಸರನ್ನ ತಣ್ಣಗಾಗ್ತಿದೆ, ತಿನ್ನಿ" ಎಂದ. ಮೊಸರನ್ನ ಬಿಸಿ ಇರುವುದೆಲ್ಲಿ ಎಂಬುದು ಅವನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಆ ವಾರವೆಲ್ಲ ಅವನು ಲಾಡ್ಜಿನ ಕಡೆ ಬರಲಿಲ್ಲ.

"ಆ ಸೈಕಲ್ ಹುಡುಗ ಯಾಕವ್ವ ಕಾಣಾಕಿಲ್ಲ?" ಬಸಮ್ಮ ರೊಟ್ಟಿ ತಟ್ಟುತ್ತ ಕೇಳಿದರು. ಪ್ರತಿಮಾ ನಡೆದದ್ದನ್ನೆಲ್ಲ ಹೇಳಿದಳು. ಬಸಮ್ಮ ಕೈ ಒರೆಸಿಕೊಂಡರು. "ನನ್ ಮಗ ಹೋದ. ನೀನೂ ಹಿಂಗೇ ಕುಂತ್ರೆ ನಂಗೆ ಇಬ್ರೂ ಹೋದಂಗೇ ಅಲ್ವಾ? ಹೋಗಿ ಮಾತಾಡ್ಸು ಹೋಗು."

ಏನು ಮಾತಾಡಬೇಕೆಂದು ತಿಳಿಯದೆ, ಏರಿಯ ಹತ್ತಿರ ಹೋಗಿ, "ನಂಗೊಂದು ಸೈಕಲ್ ಕೊಡಿ" ಎಂದಳು.

"ಹೊಡೆಯೋಕೆ ಬರುತ್ತಾ?"

"ಹೈಸ್ಕೂಲಲ್ಲಿ ಹೊಡೀತಿದ್ದೆ."

ಸೈಕಲ್ ಏರಿಯ ಮೇಲೆ ಸ್ವಲ್ಪ ದೂರ ಹೋಯಿತು. ಹಗರೆ ಕಡೆಯ ಬಸ್ಸು ಹಾರ್ನ್ ಹೊಡೆದದ್ದೇ ತಡ, ಹ್ಯಾಂಡಲ್ ತಿರುಗಿ ಅವಳು ಜಲ್ಲಿಯ ಮೇಲೆ ಬಿದ್ದಳು. ಮೊಣಕಾಲು ತರಚಿತು, ಅಂಗೈಯಲ್ಲಿ ರಕ್ತ. ಉದಯ ಓಡಿ ಬಂದು ಕೈ ಹಿಡಿದ.

"ನೋವಾಯ್ತಾ?"

"ಹೂಂ," ಎಂದಳು. ಎಂದವಳೇ ಬೆರಗಾಗಿ ಅವನ ಮುಖ ನೋಡಿದಳು. "ತುಂಬಾ ನೋಯ್ತಿದೆ." ಆಮೇಲೆ ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅವನು ಸಮಾಧಾನ ಹೇಳಲಿಲ್ಲ. ಕೈಯನ್ನೂ ಬಿಡಲಿಲ್ಲ.

ಅಳು ಇಳಿದ ಮೇಲೆ ಅವಳು ಮೂಗೊರೆಸಿಕೊಂಡಳು. "ಬೆಟ್ಟದ ಮೇಲೆ ಕೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಕೇಳಿ."

"ಈಗ್ಲಾ? ಮೊದಲು ಗಾಯ ತೊಳೀಬೇಕು ಕಣ್ರೀ."

"ಮೊದಲು ಕೇಳಿ."

ಏರಿಯ ಧೂಳಿನಲ್ಲಿ ಅವಳ ಪಕ್ಕ ಕೂತು, ತಡವರಿಸುತ್ತ, ಅವನು ಕೇಳಿದ.